ನಮ್ಮ ಪೈಕಿ

೪ ನವೆಂಬರ್ ೨೦೨೫, ಮಂಗಳವಾರ

ಸೊಸೆ ಇವತ್ತು ಮಧ್ಯಾಹ್ನವೇ ಮನೆಗೆ ಬಂದಳು. ಟ್ರಸ್ಟಿನವರು ಅವಳ ಕೊರಳಿನ ಗುರುತಿನ ಚೀಟಿ ತೆಗೆಸಿಕೊಂಡು, ವಿಚಾರಣೆ ಮುಗಿಯುವ ತನಕ ಕಚೇರಿಯ ಕಡೆ ಬರಬೇಡ ಎಂದು ಕಳಿಸಿದ್ದಾರೆ. ಅವಳ ಕಂಪ್ಯೂಟರನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಅಧ್ಯಕ್ಷ ತನ್ನ ಜೇಬಿಗೇ ಹಾಕಿಕೊಂಡನಂತೆ.

ಸಿಟ್ಟಿನಲ್ಲಿ ಬರೆದರೆ ನಾಳೆ ನನಗೇ ಅರ್ಥವಾಗುವುದಿಲ್ಲ. ಕ್ರಮವಾಗಿ ಬರೆಯುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನಲ್ಲಿ ಟ್ರಸ್ಟಿನ ಡಯಾಲಿಸಿಸ್ ಕೇಂದ್ರಗಳಿವೆ. ಯಾವ ರೋಗಿಗೆ ಯಾವ ದಿನ, ಯಾವ ಯಂತ್ರ ಎಂಬ ಸರದಿಯೆಲ್ಲ ಇಲ್ಲಿ, ಚನ್ನಗಿರಿ ಕಚೇರಿಯ ಸರ್ವರಿನಲ್ಲಿರುತ್ತದೆ. ಅದನ್ನು ನೋಡಿಕೊಳ್ಳುವವಳು ಸೊಸೆ ಸಂಧ್ಯಾರಾಣಿ. ನಿನ್ನೆ ಬೆಳಿಗ್ಗೆ ಜಗಳೂರಿನ ಇಡೀ ದಿನದ ಸರದಿ ರದ್ದಾಗಿತ್ತು. ಬಂದ ರೋಗಿಗಳನ್ನು ಹೆಸರಿಲ್ಲವೆಂದು ವಾಪಸ್ ಕಳಿಸಿದರು. ಅವರಲ್ಲಿ ಬಿಳಿಚೋಡಿನ ತಿಪ್ಪಮ್ಮ ಎಂಬಾಕೆಗೆ ಸಂಜೆ ಮನೆಯಲ್ಲಿ ಉಸಿರು ಕಟ್ಟಿತು. ಈಗ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ತುರ್ತು ಘಟಕದಲ್ಲಿದ್ದಾಳೆ. ಸರದಿ ರದ್ದು ಮಾಡಿದ ಆದೇಶ ಸೊಸೆಯ ಕಂಪ್ಯೂಟರಿನ ವಿಳಾಸದಿಂದ ಬಂದಿದೆ ಎಂದು ಸರ್ವರಿನ ಲಾಗ್, ಅಂದರೆ ಅದು ತಾನೇ ಬರೆದಿಡುವ ದಾಖಲೆ, ಹೇಳುತ್ತದೆ.

ಇಷ್ಟೇ ಆಗಿದ್ದರೆ ಕೈತಪ್ಪು ಎನ್ನುತ್ತಿದ್ದರು. ಆದರೆ ಸೊಸೆಯ ತವರೂ ಬಿಳಿಚೋಡೇ. ತಿಪ್ಪಮ್ಮನ ಮನೆಗೂ ಇವಳ ತವರಿಗೂ ಹೊಲದ ದಾರಿಯ ವಿಷಯಕ್ಕೆ ಬಹಳ ಕಾಲದಿಂದ ಮಾತಿಲ್ಲ. ನಮ್ಮ ಸೀಮೆಯಲ್ಲಿ ಯಾವ ಮನುಷ್ಯನನ್ನು ಕಂಡರೂ ಮೊದಲ ಪ್ರಶ್ನೆ 'ಯಾರ ಪೈಕಿ?' ಎಂಬುದು. ಅದಕ್ಕೆ ಉತ್ತರ ಸಿಕ್ಕ ಮೇಲೆ ಬೇರೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಇವಳು ಆ ಪೈಕಿ, ಅವಳು ಈ ಪೈಕಿ, ಮುಗಿಯಿತು, ಇವಳೇ ಮಾಡಿದ್ದು.

ಅಧ್ಯಕ್ಷ ರುದ್ರಮುನಿ ನನ್ನ ಹಳೆಯ ವಿದ್ಯಾರ್ಥಿ. ಇತಿಹಾಸದಲ್ಲಿ ಸಾಕ್ಷ್ಯವೆಂದರೇನು ಎಂದು ಅವನ ತರಗತಿಗೆ ನಾನೇ ಪಾಠ ಮಾಡಿದ್ದೆ. ಪಾಸಾದ, ಕಲಿಯಲಿಲ್ಲ.

ಊಟದ ಹೊತ್ತಿನಲ್ಲಿ ಸೊಸೆಯನ್ನು ಕೇಳಿದೆ: "ನೀನೇನಾದ್ರೂ ಸಿಟ್ಟಲ್ಲಿ..."

ತಟ್ಟೆಯಿಂದ ಕೈ ತೆಗೆದು ನನ್ನನ್ನು ನೋಡಿದಳು. "ಇಲ್ಲ ಮಾವ" ಎಂದು ಎದ್ದು ಹೋದಳು. ನನ್ನ ಹೆಂಡತಿ ಅನ್ನಪೂರ್ಣ ನನ್ನ ಕಡೆ ನೋಡಿದ ರೀತಿ ಚೆನ್ನಾಗಿರಲಿಲ್ಲ. ಕೇಳುವುದು ಮನೆಯ ಹಿರಿಯನ ಕೆಲಸ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

೫ ನವೆಂಬರ್, ಬುಧವಾರ

ಮಗ ವಿನಯ್ ಹಾವೇರಿ ಕಡೆ ಸರ್ವೆ ಕೆಲಸದ ಮೇಲಿದ್ದಾನೆ. ಫೋನಿನಲ್ಲಿ ಸೊಸೆಯ ಜೊತೆ ಬಹಳ ಹೊತ್ತು ಮಾತಾಡಿದ. ಆಮೇಲೆ ನನಗೆ ಕೊಟ್ಟಳು. "ಅಪ್ಪ, ನೀವು ಪೇಪರ್‌ಗೆ ಏನೂ ಬರೀಬೇಡಿ" ಎಂದ. ವಾಚಕರ ವಾಣಿಗೆ ನಾನು ಬರೆದ ಪತ್ರಗಳಿಂದ ಈ ಊರಿನ ಚರಂಡಿ ಒಂದೂ ಸರಿಯಾಗಿಲ್ಲ ಎಂಬುದು ನಿಜ. ಆದರೆ ಬರೆಯದಿದ್ದರೂ ಆಗುತ್ತಿರಲಿಲ್ಲ.

ಪೇಟೆಗೆ ಹೋಗಿದ್ದೆ. ಔಷಧದ ಅಂಗಡಿಯವನು ಕೇಳಿದ: "ಮೇಷ್ಟ್ರೇ, ನಿಮ್ಮ ಸೊಸೆ ಜಗಳೂರು ಕಡೆಯೋರಾ? ಹೌದಾ. ಅದ್ಕೆ." ಏನು 'ಅದ್ಕೆ'? ಮಾತ್ರೆ ತೆಗೆದುಕೊಳ್ಳದೆ ವಾಪಸ್ ಬಂದೆ. ಬಿ.ಪಿ. ಮಾತ್ರೆಯೇ ಆಗಿತ್ತು.

೭ ನವೆಂಬರ್, ಶುಕ್ರವಾರ

ಇವತ್ತು ಸೊಸೆ ತಾನಾಗಿಯೇ ಬಾಯಿ ಬಿಟ್ಟಳು. ಜಗಲಿಯಲ್ಲಿ ಅನ್ನಪೂರ್ಣ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಇವಳೂ ಪಕ್ಕದಲ್ಲಿ ಕೂತು ಒಂದು ಕಟ್ಟು ಎತ್ತಿಕೊಂಡಳು.

"ಮಾವ, ನೀವು ಕಾಗದ ಬರೆಯುವಾಗ ಮೇಲೆ 'ಇಂದ' ಅಂತ ಬರೆದು ನಿಮ್ಮ ವಿಳಾಸ ಹಾಕ್ತೀರಲ್ಲ. ಅಲ್ಲಿ ನಿಮ್ಮ ಬದಲು ಬೇರೆ ಯಾರ ಹೆಸರು ಬರೆದ್ರೂ ಅಂಚೆಯೋರು ಬೇಡ ಅಂತಾರಾ?"

"ಯಾಕಂತಾರೆ? ಅವರು ನೋಡೋದು 'ಗೆ' ಮಾತ್ರ."

"ಇಂಟರ್‌ನೆಟ್‌ನಲ್ಲೂ ಅಷ್ಟೇ. ಬರೋ ಪ್ರತಿಯೊಂದು ಸಂದೇಶದ ಮೇಲೂ ಇಂದ, ಗೆ ಇರುತ್ತೆ. 'ಇಂದ' ಅನ್ನೋದನ್ನ ಕಳಿಸೋನೇ ಬರೀತಾನೆ. ಯಾರೋ ಹೊರಗಡೆ ಕೂತು ನನ್ನ ಕಂಪ್ಯೂಟರಿನ ವಿಳಾಸ ಬರೆದಿದ್ದಾರೆ."

ಅದನ್ನು ತಡೆಯಲಿಕ್ಕೆಂದೇ ಫೈರ್‌ವಾಲ್ ಎಂಬ ಪೆಟ್ಟಿಗೆ ಇದೆಯಂತೆ. ಹೊರಗಿನ ತಂತಿ ಒಂದು ಕಡೆಯಿಂದ ಅದಕ್ಕೆ ಬರುತ್ತದೆ, ಕಚೇರಿಯೊಳಗಿನ ತಂತಿ ಇನ್ನೊಂದು ಕಡೆಯಿಂದ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಕೇಂದ್ರಗಳಿಗೆ ಹೊರಗಿನವರು ನುಸುಳಲಾಗದ ಬೇರೆಯೇ ಮುಚ್ಚಿದ ದಾರಿ ಇದೆ. ಅಂದರೆ ಒಳಗಿನ ವಿಳಾಸ ಹೊತ್ತ ಯಾವುದೂ ಹೊರಗಿನ ತಂತಿಯಿಂದ ಬರುವ ಕಾರಣವೇ ಇಲ್ಲ. ಬಂದರೆ ಅದು ಸುಳ್ಳು. ಕಣ್ಣು ಮುಚ್ಚಿ ಬಿಸಾಡಬೇಕು.

"ಮತ್ತೆ ಯಾಕೆ ಬಿಸಾಡಲಿಲ್ಲ ಅದು?"

ಸೊಸೆ ನಗುವ ಹಾಗೆ ಮಾಡಿದಳು, ನಗಲಿಲ್ಲ. "ಅಧ್ಯಕ್ಷರು ಒಂದು ದಿನ ಹೊನ್ನಾಳಿ ಕೇಂದ್ರ ನೋಡೋಕೆ ಹೋಗಿದ್ರು. ಅವತ್ತು ಮುಚ್ಚಿದ ದಾರಿ ಕೆಟ್ಟಿತ್ತು. ಸರ್ವರ್ ಅವರನ್ನ ಒಳಗೆ ಬಿಡ್ಲಿಲ್ಲ. ಫೈರ್‌ವಾಲ್ ಹಾಕಿದ ಪ್ರಸನ್ನಕುಮಾರ್‌ಗೆ ಫೋನ್ ಮಾಡಿ, ನಮ್ಮ ಪೈಕಿಯೋರನ್ನೇ ಬಾಗಿಲಾಗೆ ನಿಲ್ಲಿಸ್ತೀಯಾ ಅಂತ ಬಾಯಿಗೆ ಬಂದಂಗೆ ಬೈದ್ರು. ಅವನು ಹೆದರಿ ಎಲ್ಲಾ ನಿಯಮಗಳಿಗಿಂತ ಮೇಲೆ ಒಂದು ನಿಯಮ ಹಾಕಿದ. ನಮ್ಮ ವಿಳಾಸ ಹೇಳೋರು ಯಾವ ಬಾಗಿಲಿಂದ ಬಂದ್ರೂ ಕೇಳದೆ ಒಳಗೆ ಬಿಡು ಅಂತ. ಆ ನಿಯಮಕ್ಕೆ ಒಂದು ಹೆಸರು ಕೊಡ್ಬೇಕಲ್ಲ, ಅದಕ್ಕೆ 'ನಮ್ಮ ಪೈಕಿ' ಅಂತಲೇ ಹೆಸರಿಟ್ಟ."

ಮುಚ್ಚಿದ ದಾರಿ ಮಾರನೆಯ ದಿನ ತಾನಾಗಿ ಸರಿಹೋಯಿತು. ಆದರೆ ಎಲ್ಲ ನಡೆಯುತ್ತಿರುವುದು ಆ ನಿಯಮದಿಂದಲೇ ಎಂದು ಎಲ್ಲರೂ ನಂಬಿಬಿಟ್ಟರು. ತೆಗೆಯಿರಿ ಎಂದು ಇವಳು ಎಷ್ಟು ಸಲ ಹೇಳಿದರೂ, ಕೇಂದ್ರಗಳು ನಿಂತುಹೋದರೆ ನಿನ್ನ ಮೇಲೆ ಬರುತ್ತದೆ ಎಂದರಂತೆ. ಅದು ಇವತ್ತಿಗೂ ಹಾಗೇ ಇದೆ.

ಅನ್ನಪೂರ್ಣ ಸೊಪ್ಪಿನ ಕಡ್ಡಿ ಮೊರಕ್ಕೆ ಹಾಕುತ್ತ ಹೇಳಿದಳು: "ನನಗೆ ಇದೆಲ್ಲ ತಿಳಿಯಾಕಿಲ್ಲ ಕಣ್ರಿ. ಕಳ್ಳತನಕ್ಕೆ ಹೋದೋನು ತನ್ನ ಆಧಾರ್ ಕಾರ್ಡ್ ಬಾಗಿಲಾಗೆ ಸಿಗಿಸಿ ಹೋಗ್ತಾನೇನು? ಇಷ್ಟು ಓದಿದೋಳು ತನ್ನ ಹೆಸರಿನಾಗೇ ಮಾಡ್ತಾಳಾ?"

ನನಗೆ ಆಗ ಒಂದು ಹಳೆಯ ಸಂಗತಿ ನೆನಪಾಯಿತು. ನಾನು ನೌಕರಿಗೆ ಸೇರಿದ ಹೊಸತರಲ್ಲಿ, ಪ್ರಿನ್ಸಿಪಾಲರ ವಿರುದ್ಧ ನನ್ನ ಹೆಸರಿನಲ್ಲಿ, ನನ್ನ ಸಹಿಯನ್ನೇ ಹೋಲುವ ಸಹಿ ಹಾಕಿ ಯಾರೋ ದೂರು ಬರೆದಿದ್ದರು. ಯಾರೂ ನನ್ನ ಮಾತು ಕೇಳಲಿಲ್ಲ. ಕಡೆಗೆ ಒಬ್ಬ ಗುಮಾಸ್ತ ಲಕೋಟೆ ತಿರುಗಿಸಿ ನೋಡಿದ. ಅಂಚೆ ಮುದ್ರೆ ನ್ಯಾಮತಿಯದು. ಆ ದಿನ ನಾನು ಚನ್ನಗಿರಿಯಲ್ಲಿ ಪರೀಕ್ಷಾ ಕೊಠಡಿಯಲ್ಲಿ ನಿಂತಿದ್ದೆ. ನನ್ನನ್ನು ಉಳಿಸಿದ್ದು ಮುದ್ರೆ. ಬರೆದವನು ಯಾರೆಂದು ಇಂದಿಗೂ ತಿಳಿದಿಲ್ಲ. ನನಗೆ ಅನುಮಾನ ಇರುವವರ ಸಂಖ್ಯೆ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಇದೆ.

"ನಿಮ್ಮ ಲಾಗ್‌ನಲ್ಲಿ ಮುದ್ರೆ ಇಲ್ವಾ?" ಎಂದು ಕೇಳಿದೆ. ಸೊಸೆ ಮೊದಲ ಸಲ ನನ್ನನ್ನು ಮನುಷ್ಯನನ್ನು ನೋಡುವ ಹಾಗೆ ನೋಡಿದಳು.

"ಯಾವ ಬಾಗಿಲಿಂದ ಬಂತು ಅಂತ ಫೈರ್‌ವಾಲ್ ಬರೆದುಕೊಳ್ಳಬಹುದಿತ್ತು ಮಾವ. ಆ ನಿಯಮಕ್ಕೆ ಅದನ್ನೂ ನಿಲ್ಲಿಸಿಬಿಟ್ಟಿದ್ದಾರೆ. ನಮ್ಮೋರು ಬಂದಿದ್ದನ್ನ ಬರ್ಕೋಬೇಕಾ ಅಂತ."

೮ ನವೆಂಬರ್, ಶನಿವಾರ

ಹೊನ್ನಾಳಿಗೆ ಹೋಗಿ ರುದ್ರಮುನಿಯ ಮನೆಯಲ್ಲಿ ಕೂತು ಬಂದೆ. ಕಾಲಿಗೆ ಬಿದ್ದ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ. ಮಾತಿಗೆ ಮಾತ್ರ ಜಾಗ ಕೊಡಲಿಲ್ಲ.

"ಮೇಷ್ಟ್ರೇ, ನೀವು ನನಗೆ ದೇವರಿದ್ದಂಗೆ. ಆದ್ರೆ ಲಾಗ್ ಸುಳ್ಳು ಹೇಳಲ್ಲ ಅಂತ ಪ್ರಸನ್ನಕುಮಾರ್ ಹೇಳ್ತಾನೆ."

"ಲಾಗ್ ಸುಳ್ಳು ಹೇಳಲ್ಲಪ್ಪ. ಅದಕ್ಕೆ ಹೇಳಿದ ಸುಳ್ಳನ್ನ ಬರ್ಕೊಳ್ತೈತೆ."

"ನಿಮ್ಮ ಸೊಸೆ ಏನ್ ಕೇಳಿದ್ಲು ಗೊತ್ತಾ? ಕೆಲಸದಿಂದ ನಿಲ್ಲಿಸಿದ ದಿನಾನೇ, ನನ್ನನ್ನ ಒಂದು ಸಲ ಒಳಗೆ ಬಿಡ್ರಿ, ಒಂದು ನಿಯಮ ತೆಗೀಬೇಕು ಅಂದ್ಲು. ಯಾಕ್ರಿ ಬೇಕಿತ್ತು? ಗುರುತು ಅಳಿಸಾಕಲ್ವಾ?"

ಮತ್ತೆ ನಡೆಯಬಾರದು ಎಂದು ಅವಳು ಕೇಳಿದ್ದೇ ಅವಳ ವಿರುದ್ಧದ ಸಾಕ್ಷಿಯಾಗಿದೆ. ಕಳ್ಳ ಬಂದ ಬಾಗಿಲು ತೆರೆದೇ ಇದೆ, ಮುಚ್ಚಿ ಎಂದವಳ ಮೇಲೆ ಅನುಮಾನ. ಬಜ್ಜಿ ಮುಟ್ಟದೆ ಎದ್ದೆ.

ಬಸ್ಸಿನಲ್ಲಿ ಪಕ್ಕದವನು ಕೇಳಿದ, "ಯಾವೂರು? ಯಾರ ಪೈಕಿ?" ನಾನು ಉತ್ತರ ಕೊಡಲಿಲ್ಲ. ಕಿವುಡ ಎಂದುಕೊಂಡಿರಬೇಕು.

೧೧ ನವೆಂಬರ್, ಮಂಗಳವಾರ

ದಾವಣಗೆರೆಯ ಆಸ್ಪತ್ರೆಗೆ ಹೋಗಿದ್ದೆ. ಸಂಧ್ಯಾಗೆ ಹೇಳಲಿಲ್ಲ. ತಿಪ್ಪಮ್ಮನನ್ನು ನೋಡಲು ಬಿಡಲಿಲ್ಲ. ಅವಳ ಮಗ ಶರಣು ಹೊರಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತಿದ್ದ. ಕಪ್ಪಗೆ, ಎತ್ತರಕ್ಕೆ ಇದ್ದಾನೆ. ಕುರಿ ಸಾಕುತ್ತಾನಂತೆ.

"ಯಾರ ಪೈಕಿ ನೀವು?"

"ಚನ್ನಗಿರಿಯೋನಪ್ಪ. ಕಾಲೇಜಿನಾಗೆ ಮೇಷ್ಟ್ರಾಗಿದ್ದೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಆಗಲಿಲ್ಲ. "ಸಂಧ್ಯಾರಾಣಿ ಮಾವ ನಾನು."

ಅವನು ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ದಾರಿ ಜಗಳ ನಮ್ಮಪ್ಪಂದು. ನಮ್ಮವ್ವ ಏನ್ ಮಾಡಿದ್ಲು ಸಾರ್ ಆಯಮ್ಮಗೆ? ಸಣ್ಣೋಳಿದ್ದಾಗ ನಮ್ಮನೆ ಹುಣಸೆ ಮರದಾಗೆ ಕಾಯಿ ಕಿತ್ಕೊಂಡು ಹೋಗ್ತಿದ್ಲು. ಒಂದಿನ ಬೈದಿಲ್ಲ ನಮ್ಮವ್ವ."

ಸಂಧ್ಯಾ ಮಾಡಿಲ್ಲ ಎಂದೆ. ಮತ್ತೆ ಯಾರು ಮಾಡಿದ್ದು ಎಂದ. ಗೊತ್ತಿಲ್ಲ ಎಂದೆ.

"ಗೊತ್ತಿಲ್ದೆ ಹೆಂಗೆ ಹೇಳ್ತೀರಿ ಅವಳಲ್ಲ ಅಂತ? ಹೋಗ್ರಿ ಸಾರ್. ನಮ್ಮವ್ವನ್ನ ಇನ್ನು ಆ ಜಗಳೂರು ಮಿಷನ್ನಿಗೆ ಕರ್ಕೊಂಡು ಹೋಗಾಕಿಲ್ಲ. ಸಾಯೋದಾದ್ರೆ ಮನೇಲೇ ಸಾಯ್ಲಿ."

ಇಂದ, ಗೆ, ಅಂಚೆ ಮುದ್ರೆ, ಎಲ್ಲ ಬಾಯಿಯ ತುದಿಗೆ ಬಂದಿತ್ತು. ಆ ಪಡಸಾಲೆಯಲ್ಲಿ ಯಾವುದನ್ನೂ ಹೇಳಲಾಗಲಿಲ್ಲ.

೧೨ ನವೆಂಬರ್

ಸಂಧ್ಯಾ ಇವತ್ತು ಊಟ ಮಾಡಲಿಲ್ಲ. ಅನ್ನಪೂರ್ಣಳೂ ಮಾಡಲಿಲ್ಲ. ನಾನು ಮಾಡಿದೆ. ಅದಕ್ಕೂ ಬೈಸಿಕೊಂಡೆ.

೧೪ ನವೆಂಬರ್, ಶುಕ್ರವಾರ

ಮತ್ತೆ ಆಯಿತು.

ಇವತ್ತು ಬೆಳಿಗ್ಗೆ ನ್ಯಾಮತಿ ಕೇಂದ್ರದ ಸರದಿ ರದ್ದಾಗಿದೆ. ಅಲ್ಲಿನ ನರ್ಸುಗಳು ಜಗಳೂರಿನ ಸುದ್ದಿ ಕೇಳಿ ಹೆದರಿ ಹೆಸರುಗಳನ್ನು ಕೈಯಲ್ಲಿ ಬರೆದಿಟ್ಟುಕೊಂಡಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ರದ್ದು ಮಾಡಿದ ವಿಳಾಸ ಮತ್ತೆ ಸಂಧ್ಯಾಳ ಕಂಪ್ಯೂಟರಿನದು.

ನನಗೆ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಆ ಕಂಪ್ಯೂಟರು ಹತ್ತು ದಿನದಿಂದ ಬೀರುವಿನೊಳಗಿದೆ. ಬೀಗದ ಕೈ ರುದ್ರಮುನಿಯ ಜೇಬಿನಲ್ಲಿದೆ. ಇನ್ನೇನು ಬೇಕು? ಕಚೇರಿಗೆ ಓಡಿದೆ. ನಿಜವಾಗಿಯೂ ಓಡಿದೆ, ಪಂಚೆ ಕೈಯಲ್ಲಿ ಹಿಡಿದುಕೊಂಡು. ರುದ್ರಮುನಿ ಆಗಲೇ ಬಂದಿದ್ದ.

"ಬೀಗ ತೆಗೆದು ನೋಡಪ್ಪ. ಅದಕ್ಕೆ ಕರೆಂಟೇ ಇಲ್ಲ. ಬೀರುವಿನಾಗಿರೋ ಪೆಟ್ಟಿಗೆ ಹೆಂಗೆ ಕಳಿಸ್ತು?"

ಪ್ರಸನ್ನಕುಮಾರನೂ ಅಲ್ಲೇ ನಿಂತಿದ್ದ. ಕೊರಳಿಗೆ ತಂತಿ ಸುತ್ತಿಕೊಂಡ, ನೋಡಿದರೆ ನಿದ್ದೆಗೆಟ್ಟಂತಿದ್ದ ಮನುಷ್ಯ. "ಲಾಗ್‌ನಾಗೆ ಅವರ ವಿಳಾಸಾನೇ ಐತಲ್ಲ ಸಾರ್" ಎಂದು ನೆಲಕ್ಕೆ ಹೇಳಿದ.

ರುದ್ರಮುನಿ ಬಹಳ ಬೇಸರದಿಂದ ನನ್ನ ಭುಜದ ಮೇಲೆ ಕೈ ಇಟ್ಟ. "ಮನೇಲಿ ಕೂತು ಹೆಂಗೋ ಮಾಡಿದಾಳೆ ಮೇಷ್ಟ್ರೇ. ಅವಳಿಗೆ ಇದೆಲ್ಲ ಬರ್ತೈತೆ. ಕೆಲಸದಿಂದ ನಿಲ್ಲಿಸಿದ ಮೇಲೂ ಬಿಡ್ಲಿಲ್ಲ ನೋಡ್ರಿ. ಸೋಮವಾರ ಪೊಲೀಸ್ ಕಂಪ್ಲೇಂಟ್ ಕೊಡ್ಲೇಬೇಕು ಅಂತ ಉಳಿದ ಟ್ರಸ್ಟಿಗಳು ಹೇಳ್ತಾರೆ."

ಕಂಪ್ಯೂಟರು ಅವಳ ಬಳಿ ಇದ್ದರೆ ಅವಳೇ ಮಾಡಿದ್ದು. ಇಲ್ಲದಿದ್ದರೆ ಇಲ್ಲದೆಯೂ ಮಾಡುವಷ್ಟು ಜಾಣೆ. ಇಂಥ ತರ್ಕಕ್ಕೆ ಎದುರಾಗಿ ಮನುಷ್ಯ ಏನು ಮಾಡಬೇಕು? ಎಷ್ಟೋ ರಾಜ್ಯಗಳು ಮುಳುಗಿದ ಕಥೆ ಪಾಠ ಮಾಡಿದ್ದೇನೆ. ಮುಳುಗುವಾಗ ಒಳಗಿದ್ದವರಿಗೆ ಹೇಗನಿಸುತ್ತದೆ ಎಂಬುದು ಪುಸ್ತಕದಲ್ಲಿರಲಿಲ್ಲ.

೧೫ ನವೆಂಬರ್, ಶನಿವಾರ

ಬೆಳಗಿನಿಂದ ಕೂತು ಪತ್ರಿಕೆಗೆ ಪತ್ರ ಬರೆದೆ. ಮಾಡಿದವನು ಪ್ರಸನ್ನಕುಮಾರನೇ. ಫೈರ್‌ವಾಲ್ ಹಾಕಿದವನು ಅವನು, ಆ ನಿಯಮ ಬರೆದವನು ಅವನು, ಲಾಗ್ ತೋರಿಸಿ ಸಂಧ್ಯಾಳ ಮೇಲೆ ಹೊರಿಸಿದವನು ಅವನು. ಅವನ ತಾತ ತ್ಯಾವಣಿಗೆಯಲ್ಲಿ ರೇಷನ್ನಿನ ಕಂಟ್ರೋಲ್ ಅಂಗಡಿ ನಡೆಸುವಾಗ ಸೀಮೆಎಣ್ಣೆಗೆ ಏನು ಬೆರೆಸುತ್ತಿದ್ದನೆಂದು ನನಗೆ ಚೆನ್ನಾಗಿ ನೆನಪಿದೆ. ಆ ಮನೆತನವೇ ಹಾಗೆ. ಮೂರು ಪುಟವಾಯಿತು. ಬಹಳ ದಿನಗಳ ಮೇಲೆ ಚೆನ್ನಾಗಿ ಬರೆದಿದ್ದೇನೆ ಎನ್ನಿಸಿತು.

ಸಂಧ್ಯಾಗೆ ಓದಿ ಹೇಳಿದೆ. ಕೊನೆಯ ತನಕ ಕೇಳಿದಳು.

"ಮಾವ, ಪ್ರಸನ್ನಕುಮಾರ್ ಮಾಡಿದ ಅನ್ನೋಕೆ ಇದರಲ್ಲಿ ಸಾಕ್ಷಿ ಎಲ್ಲಿದೆ?"

"ಅವನಿಗಲ್ದೆ ಇನ್ಯಾರಿಗೆ ಗೊತ್ತಿತ್ತು?"

"ಗೊತ್ತಿರೋರೆಲ್ಲ ಮಾಡ್ತಾರಾ? ನನಗೂ ಗೊತ್ತಿತ್ತು." ಆಮೇಲೆ ಹೇಳಿದಳು: "ಅವನು ಹೆದರುಪುಕ್ಕ, ಕೆಲಸ ಕೆಡಿಸಿದಾನೆ. ಅದನ್ನ ಬರೀರಿ. ಆದ್ರೆ ಅವನ ತಾತನ ಸೀಮೆಎಣ್ಣೆಗೂ ನಮ್ಮ ಹೊಲದ ದಾರಿಗೂ ಏನು ವ್ಯತ್ಯಾಸ ಹೇಳಿ."

ಹಿರಿಯರ ಹತ್ತಿರ ಹೀಗೆ ಮಾತಾಡುವ ಸೊಸೆಯಂದಿರು ಮೊದಲು ಇರಲಿಲ್ಲ. ನನ್ನ ಮುಖ ನೋಡಿ ಅನ್ನಪೂರ್ಣ ಒಳಗಿನಿಂದ ನೀರು ತಂದುಕೊಟ್ಟಳು. ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ಸೋಮವಾರ ಅಂಚೆಗೆ ಹಾಕುತ್ತೇನೆ.

೧೭ ನವೆಂಬರ್, ಸೋಮವಾರ

ಅಂಚೆ ಕಚೇರಿಗೆ ಹೊರಟೆ. ಬಹಳ ಬಿಸಿಲಿತ್ತು. ಟ್ರಸ್ಟಿನ ಕಚೇರಿ ದಾರಿಯಲ್ಲೇ ಸಿಕ್ಕಿತು, ಅಲ್ಲಿಗೇ ಹೋದೆ.

ದೂರು ಬರೆಸಲು ವಕೀಲರು ಬಂದಿದ್ದರು. ಹೊರಗಿನ ಬೆಂಚಿನ ಮೇಲೆ ಕೂತೆ. ಕಚೇರಿಯ ಹುಡುಗಿ ಎರಡು ಸಲ ಬಂದು "ಅಧ್ಯಕ್ಷರು ಬಿಜಿ ಅದಾರೆ ಸರ್, ನಾಳೆ ಬರ್ರಿ" ಎಂದಳು. ನಾಳೆಯ ಹೊತ್ತಿಗೆ ಸಂಧ್ಯಾ ಆರೋಪಿಯಾಗಿರುತ್ತಾಳೆ. ಬಾಗಿಲು ತಳ್ಳಿಕೊಂಡು ಒಳಗೆ ಹೋದೆ.

ವಕೀಲರ ಎದುರಿಗೇ ರುದ್ರಮುನಿಗೆ ಕೈ ಮುಗಿದೆ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ ಹುಡುಗನಿಗೆ ಕೈ ಮುಗಿದೆ. "ಕಂಪ್ಯೂಟರ್ ತಿಳಿದ ಹೊರಗಿನೋನೊಬ್ಬನನ್ನ ಕರೆಸು. ಅವಳು ಏನನ್ನೂ ಮುಟ್ಟೋದು ಬೇಡ. ಅವನು ಸಂಧ್ಯಾದೇ ತಪ್ಪು ಅಂದ್ರೆ ಕಂಪ್ಲೇಂಟಿಗೆ ನಾನೇ ಸಾಕ್ಷಿ ಸಹಿ ಹಾಕ್ತೀನಿ."

"ಕೈ ಇಳಿಸ್ರಿ ಮೇಷ್ಟ್ರೇ" ಎಂದ. ಕಣ್ಣು ಬೇರೆ ಕಡೆ ತಿರುಗಿಸಿಕೊಂಡ. ಗುರುವಾರದ ತನಕ ಕಾಯುತ್ತೇನೆ ಎಂದ.

ಲಕೋಟೆ ಇನ್ನೂ ಜುಬ್ಬದ ಜೇಬಿನಲ್ಲಿದೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಗಿತ್ತು.

೧೯ ನವೆಂಬರ್, ಬುಧವಾರ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಪಾಠ ಹೇಳುವ ಭೀಮೇಶ್ ಎಂಬವರು ಒಪ್ಪಿದ್ದಾರೆ. ಸಂಧ್ಯಾಳಿಗೆ ಪರಿಚಯವಿಲ್ಲ, ನನಗೂ ಇಲ್ಲ, ರುದ್ರಮುನಿಗೂ ಇಲ್ಲ. ಫೋನಿನಲ್ಲಿ ಕೇಳಿದ ಪ್ರಶ್ನೆ ಒಂದೇ: "ಹೊರಗಿನ ತಂತಿ ಫೈರ್‌ವಾಲ್‌ಗೆ ಸೇರೋ ಮುಂಚೆ ನನಗೆ ಒಂದು ಜಾಗ ಸಿಗುತ್ತಾ?"

ಸಂಧ್ಯಾ ಇವತ್ತು ಬಟ್ಟೆಗಳನ್ನು ಮಡಿಸಿ ಒಂದು ಬ್ಯಾಗಿನಲ್ಲಿಟ್ಟುಕೊಂಡಿದ್ದಾಳೆ. ಏಕೆಂದು ಕೇಳಲಿಲ್ಲ. ಪೊಲೀಸರು ಕರೆದುಕೊಂಡು ಹೋದರೆ ಬೇಕಾಗುತ್ತದೆ ಎಂದು ಅನ್ನಪೂರ್ಣಳ ಹತ್ತಿರ ಹೇಳಿದಳಂತೆ. ಅನ್ನಪೂರ್ಣ ಬ್ಯಾಗನ್ನು ಬಿಚ್ಚಿ ಬಟ್ಟೆಗಳನ್ನೆಲ್ಲ ಒಗೆಯಲು ನೆನೆಹಾಕಿಬಿಟ್ಟಳು. ಒಗೆದ ಬಟ್ಟೆಗಳೇ ಅವು.

೨೦ ನವೆಂಬರ್, ಗುರುವಾರ

ಇವತ್ತಿನದನ್ನೂ ಕ್ರಮವಾಗಿಯೇ ಬರೆಯುತ್ತೇನೆ.

ಕಚೇರಿಯಲ್ಲಿ ಟ್ರಸ್ಟಿಗಳೆಲ್ಲ ಇದ್ದರು, ವಕೀಲರಿದ್ದರು. ಸಂಧ್ಯಾಳಿಗೆ ಗೋಡೆಯ ಹತ್ತಿರ, ಯಾವ ಯಂತ್ರಕ್ಕೂ ಕೈಗೆಟುಕದ ಹಾಗೆ ಕುರ್ಚಿ ಹಾಕಿದ್ದರು. ಭೀಮೇಶ್ ಸಣ್ಣ ಪ್ರಾಯದವರು. ಹೊರಗಿನ ತಂತಿ ಬಂದು ಸೇರುವ ಪುಟ್ಟ ಪೆಟ್ಟಿಗೆಗೆ, ಅಂದರೆ ಫೈರ್‌ವಾಲಿನ ಹೊರಮಗ್ಗುಲಿಗೆ, ತಮ್ಮ ಲ್ಯಾಪ್‌ಟಾಪ್ ಸಿಗಿಸಿದರು. ಅದನ್ನು ಪ್ರಸನ್ನಕುಮಾರನಿಗೆ ತೋರಿಸಿ, "ನಾನು ಈಗ ನಿಮ್ಮ ಒಳಗಿದೀನೋ ಹೊರಗಿದೀನೋ?" ಎಂದರು. "ಹೊರಗೆ ಸಾರ್" ಎಂದ.

ಆಮೇಲೆ ರುದ್ರಮುನಿಯ ಕಡೆ ತಿರುಗಿದರು. "ಅಧ್ಯಕ್ಷರೇ, ನಿಮ್ಮ ಕೊಠಡಿಯ ಕಂಪ್ಯೂಟರ್ ಆನ್ ಇದೆಯಾ?"

ಎಲ್ಲರೂ ಆ ಕೊಠಡಿಗೆ ಹೋದೆವು. ಕಂಪ್ಯೂಟರಿನ ಮೇಲೆ ಹೂವಿನ ಕಸೂತಿಯ ಮುಸುಕು. ಮುಸುಕು ತೆಗೆದರೆ ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡುಹೂವು ಹಾಗೇ ಇದ್ದವು. ಅದರ ಪ್ಲಗ್ಗಿನ ಜಾಗದಲ್ಲಿ ಟೀ ಕಾಯಿಸುವ ಕೆಟಲ್ ಸಿಗಿಸಿದ್ದರು.

"ಪೂಜೆ ಮಾಡಿದ್ಮೇಲೆ ಮುಟ್ಟಿಲ್ಲ" ಎಂದ ರುದ್ರಮುನಿ. ವಕೀಲರು ಕೆಮ್ಮಿದರು.

ವಾಪಸ್ ಬಂದು ಭೀಮೇಶ್ ಒಂದು ಸಂದೇಶ ಕಳಿಸಿದರು. ಸರದಿಯ ಪ್ರೋಗ್ರಾಮು ಬಹಳ ಹಳೆಯದು, ಸಂದೇಶ ಬಂದರೆ ಸಾಕು ಒಪ್ಪಿಕೊಳ್ಳುತ್ತದೆ, ಕಳಿಸಿದವನಿಗೆ ತಿರುಗಿ ಉತ್ತರ ಕಳಿಸಿ ನೀನೇನಾ ಎಂದು ಕೇಳುವುದಿಲ್ಲ ಎಂದು ವಿವರಿಸಿದರು. ಸುಳ್ಳು ಹೆಸರಿನಲ್ಲಿ ಬರೆದವನಿಗೆ ಉತ್ತರ ಬೇಕಾಗಿಯೂ ಇಲ್ಲ. ಅಂಚೆ ಡಬ್ಬಿಗೆ ಹಾಕಿ ಹೋದರಾಯಿತು. ರೋಗಿಗಳ ಹೆಸರು ಮುಟ್ಟದೆ, 'ಪರೀಕ್ಷೆ' ಎಂಬ ಸುಳ್ಳು ಹೆಸರಿನ ಸರದಿಯೊಂದನ್ನು ಮೊದಲೇ ಹಾಕಿಸಿದ್ದರು. ಅದು ಪರದೆಯಿಂದ ಮಾಯವಾಯಿತು. ಲಾಗ್ ತೆರೆದರು. ಪ್ರಸನ್ನಕುಮಾರನಿಂದಲೇ ಗಟ್ಟಿಯಾಗಿ ಓದಿಸಿದರು.

"ರದ್ದು ಮಾಡಿದವರು... ಅಧ್ಯಕ್ಷರ ಕೊಠಡಿ."

ರುದ್ರಮುನಿಯ ಮುಖ ಕೆಂಪಾಯಿತು. "ನಾನು ಅದನ್ನ ಮುಟ್ಟೇ ಇಲ್ಲ. ನೀವೆಲ್ಲಾ ನೋಡಿದ್ರಲ್ಲ. ನಾನು ಇಲ್ಲೇ ನಿಂತಿದೀನಿ."

ಗೋಡೆಯ ಹತ್ತಿರದಿಂದ ಸಂಧ್ಯಾ ಹೇಳಿದಳು: "ನಾನೂ ಅದನ್ನೇ ಹೇಳಿದ್ದು ಸರ್."

ಆಮೇಲೆ ಮಾಡಿದ ಕೆಲಸ ಬಹಳ ಸಣ್ಣದು. ಎಲ್ಲಕ್ಕಿಂತ ಮೇಲಿದ್ದ 'ನಮ್ಮ ಪೈಕಿ' ನಿಯಮ ತೆಗೆದರು. ಅದರ ಜಾಗದಲ್ಲಿ, ಹೊರಗಿನ ತಂತಿಯಿಂದ ಬಂದು ಒಳಗಿನ ವಿಳಾಸ ಹೇಳುವ ಎಲ್ಲವನ್ನೂ ಬಿಸಾಡು, ಬಿಸಾಡಿದ್ದನ್ನು ಬರೆದಿಡು ಎಂದು ಹಾಕಿದರು. ಪ್ರಸನ್ನಕುಮಾರ ಟೈಪ್ ಮಾಡುತ್ತ, "ಕೇಂದ್ರ ಎಲ್ಲಾ ನಿಂತುಬಿಡ್ತಾವೆ ಸಾರ್" ಎಂದು ಅಳುವ ದನಿಯಲ್ಲಿ ಹೇಳುತ್ತಲೇ ಇದ್ದ. ಹೊನ್ನಾಳಿಗೆ ಫೋನ್ ಮಾಡಿದರು, ಬರ್ತೈತೆ ಎಂದರು. ನ್ಯಾಮತಿಗೆ ಮಾಡಿದರು. ಜಗಳೂರಿನ ನರ್ಸು ಎತ್ತಲು ತಡ ಮಾಡಿದಳು. "ಬರ್ತೈತೆ ಸಾರ್. ಯಾಕೆ, ಏನಾಗೈತೆ?" ಎಂದಳು.

ಭೀಮೇಶ್ ಅದೇ ಸಂದೇಶವನ್ನು ಮತ್ತೆ ಕಳಿಸಿದರು. ಪರದೆಯ ಮೇಲೆ ಏನೂ ಆಗಲಿಲ್ಲ.

"ಹಂಗಾದ್ರೆ ಮಾಡಿದೋರು ಯಾರು?" ಎಂದು ರುದ್ರಮುನಿ ಕೇಳಿದ.

"ಹೇಳೋಕೆ ಬರಲ್ಲ. ನಿಮ್ಮ ಪೈಕಿಯವರ ಹೆಸರು ಹೇಳ್ಕೊಂಡು ಹೊರಗಿನಿಂದ ಯಾರು ಬೇಕಾದ್ರೂ ಬರಬಹುದಿತ್ತು, ಅಷ್ಟೇ."

ಹೆಸರು ಸಿಗಲಿಲ್ಲವೆಂದು ಎಲ್ಲರ ಮುಖದಲ್ಲೂ ನಿರಾಸೆ ಕಂಡಿತು. ದೂರನ್ನು ಅಪರಿಚಿತರ ಮೇಲೆ ಕೊಡುವುದೆಂದಾಯಿತು. ಹೊರಡುವಾಗ ಟ್ರಸ್ಟಿಯೊಬ್ಬ ನನ್ನ ಕೈ ಹಿಡಿದು, "ನನಗೆ ಮೊದಲೇ ಅನುಮಾನ ಇತ್ತು ಮೇಷ್ಟ್ರೇ. ನಮ್ಮ ಪೈಕಿ ಹುಡುಗಿ ಹಂಗೆಲ್ಲಾ ಮಾಡ್ತಾಳಾ" ಎಂದ. ಕೈ ಬಿಡಿಸಿಕೊಂಡು ಬಂದೆ.

೨೧ ನವೆಂಬರ್, ಶುಕ್ರವಾರ

ಗುರುತಿನ ಚೀಟಿಯನ್ನು ಮನೆಗೇ ಕಳಿಸಿಕೊಟ್ಟಿದ್ದಾರೆ. ಸಂಧ್ಯಾ ಅದನ್ನು ಕಿಟಕಿಯ ಮೇಲಿಟ್ಟಳು, ಹಾಕಿಕೊಳ್ಳಲಿಲ್ಲ.

"ಹೋಗಲ್ವೇನವ್ವ?" ಎಂದು ಅನ್ನಪೂರ್ಣ ಕೇಳಿದಳು.

"ಹೆಂಗೆ ಹೋಗ್ಲಿ ಅತ್ತೆ? ಆಸ್ಪತ್ರೆಯಿಂದ ಮನೆಗೆ ಕಳಿಸಿದ್ಮೇಲೂ ತಿಪ್ಪಮ್ಮತ್ತೆ ಜಗಳೂರಿಗೆ ಬರ್ತಿಲ್ಲ. ನಾನು ಸರದಿ ನೋಡೋ ಕಡೆ ಮಲಗಿಸಲ್ಲ ಅಂತ ಶರಣಣ್ಣ ದಾವಣಗೆರೆಗೇ ಕರ್ಕೊಂಡು ಓಡಾಡ್ತಿದಾನೆ. ಆ ಬಸ್ಸಿನಾಗೆ ಅವಳಿಗೆ ಕೂರಾಕೂ ಆಗಲ್ಲ. ಇವತ್ತಲ್ಲ ನಾಳೆ ಒಂದು ಸಲ ತಪ್ಪಿಸ್ತಾನೆ. ಅಷ್ಟೇ ಸಾಕು."

ಟ್ರಸ್ಟಿನ ಕಾಗದ ಬಿಳಿಚೋಡಿನ ತನಕ ಹೋಗುವುದಿಲ್ಲ. ಹೋದರೂ ಅದನ್ನು ಯಾರು ನಂಬುತ್ತಾರೆ?

೨೪ ನವೆಂಬರ್, ಸೋಮವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶರಣು ಬಂದ. ಅನ್ನಪೂರ್ಣ ಬಾ ಎಂದರೂ ಒಳಗೆ ಬರಲಿಲ್ಲ. ಹೊಸ್ತಿಲಿನ ಆಚೆ ನಿಂತು ಸಂಧ್ಯಾಳನ್ನು ಕರೆಸಿದ. ನಾನೂ ಎದ್ದು ಬಂದೆ.

"ಯಾರು ಮಾಡಿದ್ದು? ಅದನ್ನ ಕೇಳಾಕೆ ಬಂದೆ."

ಲಕೋಟೆಯೊಳಗಿದ್ದ ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಹೇಳಿದ್ದರೆ ಅವನು ನಂಬುತ್ತಿದ್ದ, ಅವನ ಸಿಟ್ಟಿಗೆ ಒಂದು ದಾರಿಯಾಗುತ್ತಿತ್ತು, ಸಂಧ್ಯಾ ಉಳಿಯುತ್ತಿದ್ದಳು. ಯಾಕೋ ಹೇಳಲಿಲ್ಲ. ಬಾಯಲ್ಲಿ ತಿಂಡಿಯ ತುತ್ತಿತ್ತು.

"ಗೊತ್ತಿಲ್ಲ ಶರಣಣ್ಣ" ಎಂದಳು ಸಂಧ್ಯಾ.

"ನಿನಗೂ ಗೊತ್ತಿಲ್ವಾ?"

"ಇಲ್ಲ. ಗೊತ್ತಾಗೋದೂ ಕಷ್ಟ ಅಂತಾರೆ. ಬಾಗಿಲು ತೆಗೆದಿತ್ತು, ಯಾರೋ ನನ್ನ ಹೆಸರು ಹೇಳ್ಕೊಂಡು ಬಂದ್ರು. ಈಗ ಮುಚ್ಚಿದೀವಿ."

ಅವನು ಟವಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಹೊಸ್ತಿಲಿನ ಮೇಲೆಯೇ ಕುಸಿದು ಕೂತ.

"ಈ ಇಪ್ಪತ್ತು ದಿನದಾಗೆ ಊರಿನಾಗೆ, ಆಸ್ಪತ್ರೆಯಾಗೆ, ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ರು. ಕೇಳ್ದೋರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಅಂದೋರು ನೀವಿಬ್ರೇ, ನಿಮ್ಮ ಮಾವನೋರು ಅವತ್ತು, ನೀನು ಇವತ್ತು."

ಅನ್ನಪೂರ್ಣ ಉಪ್ಪಿಟ್ಟಿನ ತಟ್ಟೆ ತಂದು ಅವನ ಮುಂದಿಟ್ಟಳು. ತಿನ್ನಲಿಲ್ಲ. ನೀರು ಮಾತ್ರ ಕುಡಿದ.

"ನಿನ್ನೆ ದಾವಣಗೆರೆ ಬಸ್ಸಿನಾಗೆ ಅವ್ವ ನನ್ನ ತೊಡೆ ಮೇಲೆ ಒರಗಿಬಿಟ್ಲು. ಇನ್ನು ಅಷ್ಟು ದೂರ ಆಗಾಕಿಲ್ಲ ಕಣಪ್ಪ, ಬಿಟ್ಬಿಡು ಅಂದ್ಲು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದ: "ಜಗಳೂರಿನಾಗೆ ನಾಳೆ ಅವ್ವಗೆ ಸರದಿ ಐತಾ?"

ಸಂಧ್ಯಾ ಒಳಗೆ ಹೋಗಿ ಫೋನಿನಲ್ಲಿ ಕಚೇರಿಗೆ ಮಾತಾಡಿದಳು. ಜಗಳೂರಿಗೂ ಮಾಡಿ ನರ್ಸಿನ ಬಾಯಿಂದಲೇ ಹೆಸರು ಓದಿಸಿದ್ದು ಹೊರಗೆ ಕೇಳಿಸಿತು. ತಿರುಗಿ ಬಂದು ಅವನ ಎದುರಿಗೆ ಕೂತಳು. ನಮ್ಮ ಮನೆಗೆ ಬಂದ ಮೇಲೆ ಅವಳ ಬಾಯಲ್ಲಿ ಬಿಳಿಚೋಡಿನ ಮಾತು ಇಷ್ಟು ಸರಾಗವಾಗಿ ಬಂದದ್ದನ್ನು ನಾನು ಕೇಳಿರಲಿಲ್ಲ.

"ಐತೆ ಕಣಣ್ಣ. ಬೆಳಗ್ಗೆ ಮೊದಲ್ನೇದು. ಅವ್ವನ್ನ ಹುಷಾರಾಗಿ ಕರ್ಕೊಂಡು ಬಾ."

ಅವನು ಎರಡನೆಯ ಸಲ ಕೇಳಲಿಲ್ಲ. ತಟ್ಟೆ ಎಳೆದುಕೊಂಡು ಉಪ್ಪಿಟ್ಟು ತಿಂದ.